ಬಟ್ಟೆಯ ಮರೆ, ಲಾಳಿಯ ಮರೆ

ಅರವತ್ತರ ದಶಕದ ಕೊನೆ. ಅಮಾವಾಸ್ಯೆ ಬಂತೆಂದರೆ ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಮಗ್ಗಕ್ಕೆ ರಜೆ, ಅತ್ತೆಗೆ ಯುದ್ಧ. ಅತ್ತೆ ಎಂದರೆ ಅಪ್ಪನ ತಂಗಿ. ಮದುವೆಯಾಗಿರಲಿಲ್ಲ, ಬಾಯಿ ಜೋರು. ನೆಲದ ಮೇಲೆ ಸುಣ್ಣದಲ್ಲಿ ಕೋಟೆ ಬರೆದು, ಕಥೆ ಹೇಳುತ್ತಾ ನಮ್ಮನ್ನು ಕಾದಾಡಿಸುತ್ತಿದ್ದಳು. ನಾನು ಕೋಟೆಯ ರಾಣಿ, ಪಕ್ಕದ ಮನೆಯ ಗೆಳತಿ ದರೋಡೆಕೋರರ ನಾಯಕಿ. ಹುಣಸೆ ಬೀಜಗಳೇ ನಮ್ಮ ಸೈನಿಕರು.

ಬಾಣ ಬಿಡಲು ಆರು ಕವಡೆ ಎಸೆಯಬೇಕು. ಬಯಲಲ್ಲಿ ನಿಂತವನಿಗೆ ಮೂರು ಅಂಗಾತ ಬಿದ್ದರೆ ಸಾಕು, ಸತ್ತ. ಮಗ್ಗದಲ್ಲಿ ನೂಲು ಓಡಿಸುವ ಮರದ ಲಾಳಿಯ ಹಿಂದಿದ್ದರೆ ಐದು ಬೀಳಬೇಕು. ಬಟ್ಟೆ ಚೂರುಗಳ ಹಿಂದೆ ಅವಿತಿದ್ದರೆ, ಯಾವ ಚೂರಿನ ಹಿಂದೆ ಎಂದು ಎದುರಾಳಿ ಊಹಿಸಬೇಕು. ಊಹೆ ಸರಿಯಾದರೆ ಮತ್ತೆ ಮೂರೇ ಸಾಕು.

"ಬಟ್ಟೆ ಕಣ್ಣಿಗೆ ಮರೆ ಕಣೇ, ಏಟಿಗಲ್ಲ," ಎಂದು ಅತ್ತೆ ಬಾಯಿ ಬಡಿದುಕೊಳ್ಳುತ್ತಿದ್ದಳು. ನಾನು ಕೇಳಬೇಕಲ್ಲ! ನೇಯುವವರ ಮನೆ ಹುಡುಗಿ, ಬಟ್ಟೆಯ ಮೇಲೆಯೇ ಭರವಸೆ.

ಒಂದು ಅಮಾವಾಸ್ಯೆ ನಾನು ಸೋಲುತ್ತಿದ್ದೆ. ಚೂರುಗಳು ಸಾಲದೆ, ಮಗ್ಗದ ಪಕ್ಕದಲ್ಲಿದ್ದ ಜರಿ ತುಂಡೊಂದನ್ನು ಕತ್ತರಿಸಿ ನಾಲ್ಕು ಡೇರೆ ಮಾಡಿದೆ. ಅಯ್ಯೋ ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಅದು ಸೀರೆ ಸಾಹುಕಾರರು ಅಂಚಿನ ಮಾದರಿಗೆಂದು ಕೊಟ್ಟಿದ್ದು; ಅದನ್ನು ನೋಡಿಕೊಂಡೇ ಅಪ್ಪ ನೇಯಬೇಕಿತ್ತು.

ಅಷ್ಟರಲ್ಲಿ ಅಪ್ಪ ಬಂದರು. ಹಿಂದಿನ ವಾರವಷ್ಟೇ, "ಇನ್ನೊಂದು ಚೇಷ್ಟೆ ಮಾಡಿದ್ರೆ ಸ್ಕೂಲು ಬಿಡಿಸಿ ನೂಲು ಸುತ್ತೋಕೆ ರಾಟೆ ಮುಂದೆ ಕೂರಿಸ್ತೀನಿ," ಎಂದಿದ್ದರು. ಆಡಿದ ಮಾತಿಗೆ ತಪ್ಪುವವರಲ್ಲ. ನಾನು ಹಿತ್ತಲಿಗೆ ಓಡಿ, ಒಣಹಾಕಿದ್ದ ಅಮ್ಮನ ಸೀರೆಯ ಹಿಂದೆ ನಿಂತೆ.

"ಯಾರು ಕತ್ತರಿಸಿದ್ದು?" ಎನ್ನುತ್ತಾ ಅಪ್ಪ ನೇರ ಸೀರೆಯ ಕಡೆಗೇ ಬಂದರು.

ಅತ್ತೆ ಅಡ್ಡ ನಿಂತಳು. "ನಾನೇ ಕಣಣ್ಣ. ಆಟದ ಹುಚ್ಚು. ಅಂಚು ನಂಗೆ ಬಾಯಿಪಾಠ ಐತೆ, ನಾನೇ ಕೂತು ನೇಯ್ಕೊಡ್ತೀನಿ."

ಅಪ್ಪ ಕವಡೆಗಳನ್ನು ಬಾವಿಗೆ ಎಸೆದರು. ದೀಪಾವಳಿವರೆಗೆ ಅಪ್ಪ ಅವಳನ್ನು ಮಾತಾಡಿಸಲಿಲ್ಲ. ಅವಳು ಆ ಅಂಚನ್ನೂ ನೇಯ್ದಳು, ನನಗೆ ಪರೀಕ್ಷೆ ಬಂದಾಗ ಸ್ಕೂಲು ಬಿಟ್ಟ ಮೇಲಿನ ನನ್ನ ಪಾಲಿನ ರಾಟೆಯನ್ನೂ ತಿರುಗಿಸಿದಳು. ನಾನು ಸ್ಕೂಲಿಗೆ ಹೋಗುತ್ತಲೇ ಇದ್ದೆ. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಅದೇ ಸ್ಕೂಲಿನಲ್ಲಿ ಟೀಚರಾದೆ. ಅವಳ ಋಣ ಈ ಜನ್ಮಕ್ಕೆ ತೀರುವಂಥದ್ದಲ್ಲ.

ಕೆಲಸಕ್ಕೆ ಸೇರಿದ ದಿನ ಅವಳ ಕಾಲಿಗೆ ಬಿದ್ದು ಕೇಳಿದೆ: "ಅವತ್ತು ಯಾಕತ್ತೆ ಸುಳ್ಳು ಹೇಳ್ದೆ?"

"ಸೀರೆ ಹಿಂದೆ ನಿಂತಿದ್ಯಲ್ಲೇ, ಪೆದ್ದಿ," ಎಂದು ನನ್ನ ತಲೆಗೊಂದು ಮೊಟಕಿದಳು. "ಅಣ್ಣನ ಊಹೆ ಸರಿಯಾಗಿತ್ತು."