ಐ ವಿಲ್ ಗೋ ಆಂಡ್ ಕಮ್

ಇಂಟರ್‌ವ್ಯೂ ಮುಗಿದಿತ್ತು. ಎದ್ದು ನಿಂತು, ಬ್ಯಾಗು ಹೆಗಲಿಗೇರಿಸಿ, ಬಹಳ ಸೀರಿಯಸ್ಸಾಗಿ ಹೇಳಿದೆ: "ಓಕೆ ಮೇಡಂ, ಐ ವಿಲ್ ಗೋ ಆಂಡ್ ಕಮ್."

ನಗಬೇಡಿ. ಐವತ್ತೆರಡು ವರ್ಷದ ಹೆಂಗಸು ನಾನು. ಏಳು ತಿಂಗಳಿಂದ ಕೆಲಸವಿರಲಿಲ್ಲ. ಈ ಪರದೇಶಕ್ಕೆ ಬಂದು, ಬರ್ಲಿಂಗ್ಟನ್ ಎಂಬ ಊರಿನ ಒಂದು ಪೇಂಟ್ ಫ್ಯಾಕ್ಟರಿಯ ಲ್ಯಾಬಿನಲ್ಲಿ ಹನ್ನೊಂದು ವರ್ಷ ದುಡಿದಿದ್ದೆ. ಕಂಪನಿ ಬಾಗಿಲು ಹಾಕಿತು. ಆಮೇಲೆ ಕನ್ನಡದವರು ಸೇರುವ ಕಡೆ ಹೋಗುವುದನ್ನೇ ಬಿಟ್ಟೆ. ಯಾಕೆ ಅಂತೀರಾ? ಅಲ್ಲಿ ಕೋಸಂಬರಿಗಿಂತ ಮೊದಲು "ಈಗ ಎಲ್ಲಿ ವರ್ಕ್ ಮಾಡ್ತಿದೀರಿ?" ಎಂಬ ಪ್ರಶ್ನೆ ಬಡಿಸುತ್ತಾರೆ. (ಬಡಿಸುವವರಲ್ಲಿ ನಾನೂ ಒಬ್ಬಳಾಗಿದ್ದೆ, ಅದು ಬೇರೆ ಮಾತು.) ಅದು ಎಷ್ಟು ಚುಚ್ಚುತ್ತದೆ ಅಂತ ಕೆಲಸ ಹೋದ ಮೇಲೆ ಗೊತ್ತಾಯಿತು.

ಪಕ್ಕದೂರು ಮೆಡೋವೇಲಿನ ಲ್ಯಾಬೊಂದರ ಈ ಇಂಟರ್‌ವ್ಯೂ ಎಂಟನೆಯದು. ಇಲ್ಲೇ ಹುಟ್ಟಿದ ಮಗಳು ಶ್ರಾವಣಿ ವಾರವಿಡೀ ಕೋಚಿಂಗ್ ಕೊಟ್ಟಿದ್ದಳು. ಕೊನೆಗೆ ಥ್ಯಾಂಕ್ಯೂ ಹೇಳಿ ಸುಮ್ಮನೆ ಹೊರಬರಬೇಕು, ಅಷ್ಟೇ. "ನೋ ಎಕ್ಸ್‌ಟ್ರಾ ಡೈಲಾಗ್ಸ್, ಅಮ್ಮಾ, ಪ್ಲೀಸ್."

ಎಲ್ಲ ಚೆನ್ನಾಗಿಯೇ ನಡೆದಿತ್ತು. ಆದರೆ ಮ್ಯಾನೇಜರ್ ಫೈಲು ಮುಚ್ಚಿ "ವಿ ವಿಲ್ ಲೆಟ್ ಯು ನೋ" ಅಂದರು. ಏಳು ಕಡೆ ಕೇಳಿದ ಮಾತು ಅದು. ಏಳೂ ಕಡೆಯಿಂದ ಯಾರೂ ಏನೂ ತಿಳಿಸಿರಲಿಲ್ಲ. ಕೋಚಿಂಗ್ ಎಲ್ಲ ಮರೆತುಹೋಗಿ, ನಮ್ಮ ಧಾರವಾಡದ "ಹೋಗಿ ಬರ್ತೇನಿ" ಇಂಗ್ಲಿಷಿನಲ್ಲಿ ಹೊರಬಿತ್ತು.

ಮ್ಯಾನೇಜರ್ ಕನ್ನಡಕ ತೆಗೆದು ಕೇಳಿದರು: "ಕಮ್ ವೆನ್?"

ಸಾರಿ ಅನ್ನಬಹುದಿತ್ತು. ಅನ್ನಲಿಲ್ಲ. ಏಳು ತಿಂಗಳಲ್ಲಿ ಬೇಕಾದಷ್ಟು ಸಾರಿ ಅಂದಾಗಿತ್ತು. "ಮಂಡೇ" ಅಂದುಬಿಟ್ಟೆ.

ಅವರು ನಕ್ಕರು. ನಾನು ಮತ್ತೆ ಕೂತೆ. (ಕೂರಿ ಅಂತ ಯಾರೂ ಹೇಳಿರಲಿಲ್ಲ.) ನಮ್ಮಲ್ಲಿ ಹೊರಡುವಾಗ ಹೋಗ್ತೇನೆ ಅನ್ನುವಂತಿಲ್ಲ, ಬರ್ತೇನೆ ಅನ್ನಬೇಕು ಎಂದು ವಿವರಿಸಿದೆ. ಚಿಕ್ಕವಳಿದ್ದಾಗ ಬಾಯಿತಪ್ಪಿದರೆ ಅವ್ವ ಹೊಸ್ತಿಲಿಗೆ ವಾಪಸ್ ಕರೆಯುತ್ತಿದ್ದಳು. "ಹೋಗ್ತೇನಿ ಅನಬಾರದವಾ, ಬರ್ತೇನಿ ಅನ್ನು." ಹಾಗೆ ಹೇಳಿಸಿಯೇ ಸ್ಕೂಲಿಗೆ ಕಳಿಸುತ್ತಿದ್ದಳು. ಹಳೆಯ ಲ್ಯಾಬಿನಿಂದಲೂ ಪ್ರತಿ ಸಂಜೆ ಮನಸ್ಸಿನಲ್ಲೇ ಹಾಗೆ ಅಂದುಕೊಂಡು ಹೊರಡುತ್ತಿದ್ದೆ. ಮೊಣಕಾಲುದ್ದ ಸ್ನೋ ಬಿದ್ದರೂ ಮರುದಿನ ಹಾಜರ್. "ಇಲೆವನ್ ಇಯರ್ಸ್, ಐ ಕೇಮ್" ಅಂದೆ. ಎರಡು ಪುಟದ ರೆಸ್ಯೂಮೆಯಲ್ಲಿ ಬರೆಯಲಾಗದೆ ಒದ್ದಾಡಿದ್ದು ಇದನ್ನೇ ಅಂತ ನನಗೂ ಆಗಲೇ ಹೊಳೆದದ್ದು.

ಮನೆಗೆ ಬಂದು ಹೇಳಿದರೆ ಶ್ರಾವಣಿ ಸೋಫಾದ ದಿಂಬಿನಲ್ಲಿ ಮುಖ ಮುಚ್ಚಿಕೊಂಡಳು. ಯಜಮಾನರು ಚಹಾ ಸೋಸುತ್ತ, "ಆತ್ ಬಿಡು, ಮುಂದಿನ ಇಂಟರ್‌ವ್ಯೂ ಯಾವಾಗ?" ಅಂದರು.

ಗುರುವಾರ ಫೋನ್ ಬಂತು. ಅದೇ ಮ್ಯಾನೇಜರ್. "ಸೋ, ಆರ್ ಯು ಕಮಿಂಗ್ ಆನ್ ಮಂಡೇ?"

ಲಟ್ಟಣಿಗೆ ಕೈಯಲ್ಲಿ ಹಿಡಿದುಕೊಂಡೇ ಕುಣಿದೆ. ಹೌದು, ಅಡುಗೆಮನೆಯಲ್ಲಿ, ಈ ವಯಸ್ಸಿನಲ್ಲಿ. ಯಾವ ಕಂಪನಿ, ಯಾವ ಪೋಸ್ಟು ಅಂತ ನಾವು ಒಬ್ಬರನ್ನೊಬ್ಬರು ಅಳೆಯುತ್ತಲೇ ಇರುತ್ತೇವೆ. ಬರ್ತೇನೆ ಅಂದವರು ಬರುತ್ತಾರಾ ಅಂತ ನೋಡುವವರು ಎಷ್ಟು ಜನ? ಒಬ್ಬರಾದರೂ ನೋಡಿದರಲ್ಲ, ನನಗೆ ಅದರದೇ ಖುಷಿ.

ಸೋಮವಾರ ಹೋದೆ. ಆ ವಾರದ ಕೊನೆಗೆ ಕನ್ನಡದವರ ಊಟಕ್ಕೂ ಹೋದೆ, ತಲೆ ಎತ್ತಿಕೊಂಡೇ. ಕತೆ ಕೇಳಿದ ಹಿರಿಯರೊಬ್ಬರು, ಗೋ ಆಂಡ್ ಕಮ್ ಅನ್ನುವುದು ತಪ್ಪು ಇಂಗ್ಲಿಷ್ ಎಂದು ತಿದ್ದಿದರು.

ಇರಬಹುದು. ಸರಿಯಾದ ಇಂಗ್ಲಿಷ್ ಮಾತಾಡಿದ ಏಳು ಕಡೆ ನನ್ನನ್ನು ಯಾರು ಕರೆದರು, ಹೇಳಿ?