ನಾಲ್ಕನೆಯ ಮಗಳ ನಿವೃತ್ತಿ

ಬಾಲಿಯಲ್ಲಿ ಕುಟುಂಬ ಯೋಜನೆಯ ಕೆಲಸಕ್ಕೆ ಹೆಸರಾದವರು ಹಲವರು. ಆದರೆ ಸರ್ಕಾರದ ಮಾತನ್ನು ಅಡುಗೆಮನೆಯ ಒಲೆಯ ತನಕ ಒಯ್ದು, ಅಲ್ಲಿನ ಹೆಂಗಸರ ಅಳಲನ್ನು ಸರ್ಕಾರದ ಕಿವಿಗೆ ಮುಟ್ಟಿಸಿದವರೆಂದರೆ ನಮ್ಮ ಹಿರಿಯ ಸಹೋದ್ಯೋಗಿ ಶ್ರೀಮತಿ ನಿ ಕೆತುತ್ ಸುಕ್ರೆನಿಯವರೇ. ಎರಡನೆಯ ಮಗುವಾದರೆ ಕಾಡೆಕ್, ಮೂರನೆಯದಾದರೆ ನ್ಯೋಮನ್, ನಾಲ್ಕನೆಯದಾದರೆ ಕೆತುತ್ ಎಂದು ಹುಟ್ಟಿದ ಸರದಿಗೆ ತಕ್ಕ ಹೆಸರಿಡುವ ನಾಡಿನಲ್ಲಿ, ನಾಲ್ಕನೆಯವರಾಗಿ ಹುಟ್ಟಿದ ಇವರೇ ‘ಎರಡು ಸಾಕು’ ಎಂದು ಊರೂರು ತಿರುಗಬೇಕಾಯಿತು.

ಅವರು ಸೇವೆಗೆ ಸೇರಿದ ಕಾಲದಲ್ಲಿ ಕೇರಿಯ ಸಭೆಗೆ ಬರುತ್ತಿದ್ದವರು ಗಂಡಸರು ಮಾತ್ರ. ಬಸಿರು ತಡೆಯಲು ಹೆಂಡತಿ ಯಾವ ಉಪಾಯ ಬಳಸುತ್ತಿದ್ದಾಳೆಂದು ಪ್ರತಿಯೊಬ್ಬನೂ ಎದ್ದುನಿಂತು ಒಪ್ಪಿಸಬೇಕು. ಗೋಡೆಯ ನಕ್ಷೆಯಲ್ಲಿ ಅವನ ಮನೆಗೆ ಆ ಉಪಾಯದ ಬಣ್ಣ ಬೀಳಬೇಕು, ಕಾಪರ್-ಟಿಯಾದರೆ ನೀಲಿ. “ನಮ್ಮನೇಗೂ ನೀಲಿ ಬಳ್ದುಬಿಡಿ ಅಕ್ಕಾ, ಪಕ್ಕದ್ಮನೆಯೋನು ಆಡ್ಕೊಂಡು ನಗ್ತಾನೆ” ಎಂದು ಒಬ್ಬ ಗೋಗರೆದಾಗ ಸಭೆಯೆಲ್ಲ ನಕ್ಕಿತು. ಸುಕ್ರೆನಿಯವರೂ ನಕ್ಕರು. ಆದರೆ ಅವನ ಹೆಂಡತಿಯನ್ನು ಕೇಳಿದವರಾರು ಎಂಬ ಅಳುಕು ಅಂದಿನಿಂದ ಅವರನ್ನು ಬಿಡಲಿಲ್ಲ. ಲುಹ್ ಮೆರ್ತಿನಿ ಎಂಬಾಕೆಗೆ ಕಾಪರ್-ಟಿ ಹಾಕಿಸಿದ ಮೇಲೆ ರಕ್ತ ನಿಲ್ಲದಿದ್ದಾಗ, ತಮ್ಮ ಸ್ಕೂಟರಿನಲ್ಲೇ ಕೂರಿಸಿಕೊಂಡು ಹೋಗಿ ತೆಗೆಸಿದರು. ಗುರಿ ತಪ್ಪಿತೆಂದು ಮೇಲಿನವರು ಗದರಿದರೆ, “ತಪ್ಪಿದ್ರೆ ತಪ್ಲಿ ಬಿಡಿ ಸಾರ್” ಎಂದಷ್ಟೇ ಹೇಳಿದರು.

ಕಾಲ ಮಗ್ಗುಲು ಬದಲಿಸಿತು. ಮಕ್ಕಳಿಲ್ಲದೆ ಕೇರಿಯ ಶಾಲೆ ಪಕ್ಕದೂರಿನ ಶಾಲೆಯೊಳಗೆ ಕರಗಿತು. ನ್ಯೋಮನ್, ಕೆತುತ್ ಎಂದು ಕರೆದರೆ ಓಗೊಡುವವರೆಲ್ಲ ನರೆತವರೇ ಆದರು. ಇನ್ನು ಮೇಲೆ ಮನೆಗೆ ನಾಲ್ಕು ಮಕ್ಕಳಿರಲಿ ಎಂದಿತು ಪ್ರಾಂತದ ಸರ್ಕಾರ. ಆ ಹೆಸರುಗಳೇ ಅಳಿದುಹೋದಾವೆಂಬ ಹಿರಿಯರ ಭಯ ಸುಳ್ಳಲ್ಲವೆಂದು ಸುಕ್ರೆನಿಯವರಿಗೂ ಗೊತ್ತಿತ್ತು. ಆದರೆ ಅದೇ ಕೇರಿಗೆ ಕೊಟ್ಟ ಅವರ ಮಗಳು ಕಾಡೆಕ್ ಅರಿಯಾನಿ ಎರಡನೆಯ ಹೆರಿಗೆಯಲ್ಲಿ ಸಾವಿನ ಬಾಗಿಲು ತಟ್ಟಿ ಬಂದಿದ್ದಳು. ಇನ್ನೊಂದು ಬೇಡವೆಂದಿದ್ದರು ವೈದ್ಯರು. ನ್ಯೋಮನ್ ಬೇಕೆಂದು ಹಟ ಹಿಡಿದಿದ್ದರು ಅವಳ ಅತ್ತೆ.

ಕಳೆದ ತಿಂಗಳ ಬೀಳ್ಕೊಡುಗೆ ಸಭೆಯಲ್ಲಿ ‘ನಾಲ್ಕು ಬೇಕು’ ಎಂಬ ಹೊಸ ಘೋಷಣೆಯನ್ನು ಇವರ ಬಾಯಿಂದಲೇ ಹೇಳಿಸುವುದೆಂದು ನಿಶ್ಚಯವಾಗಿತ್ತು. ಎದ್ದು ನಿಂತವರು ಘೋಷಣೆ ಬರೆದುಕೊಟ್ಟ ಚೀಟಿಯನ್ನು ಓದದೆ ಮಡಿಸತೊಡಗಿದರು. ಮುಜುಗರ ಕಳೆಯಲೆಂದು ಕೇರಿಯ ಮುಖ್ಯಸ್ಥ ವಯನ್ ಲಂದ್ರಾ ತಮಾಷೆ ಮಾಡಿದರು: “ಹೇಳಮ್ಮಾ, ಯಾಕ್ ಹೆದರ್ತೀಯಾ? ನಿಮ್ಮಪ್ಪ ಎರಡಕ್ಕೇ ಸಾಕು ಅಂದಿದ್ರೆ ನೀನೆಲ್ಲಿರ್ತಿದ್ದೆ?”

“ನಾನಿರ್ತಿರ್ಲಿಲ್ಲ ಅಣ್ಣಾ,” ಎಂದರು ಸುಕ್ರೆನಿ. “ನಮ್ಮಮ್ಮ ಇರ್ತಿದ್ಲು. ನನ್ನ ಹೆತ್ತು, ನನ್ನ ಮುಖಾನೂ ನೋಡ್ದೆ ಹೋದ್ಲು. ಎಷ್ಟು ಬೇಕು ಅಂತ ಅವಳನ್ನ ಯಾರೂ ಕೇಳಿರ್ಲಿಲ್ಲ.”

ಹಿಂದೆ ಕಾಫಿ ಹಂಚುತ್ತಿದ್ದ ಕಾಡೆಕ್‌ಳ ಕೈಯಿಂದ ತಟ್ಟೆ ಇಸಿದುಕೊಂಡವರು ಅವಳ ಅತ್ತೆಯೇ. “ನೀ ಕೂತ್ಕೋ ಮಗಾ,” ಎಂದರು.

ಶ್ರೀಮತಿ ಸುಕ್ರೆನಿಯವರು ನೂರು ವರ್ಷ ಸುಖವಾಗಿ ಬಾಳಲಿ ಎಂಬ ನಮ್ಮ ಹಾರೈಕೆಯಲ್ಲಿ ಸ್ವಾರ್ಥವೂ ಇದೆ. ಅವರು ಹೇಳದೆ ಬಿಟ್ಟ ಆ ಘೋಷಣೆ ಹೊತ್ತು ಇನ್ನು ಮನೆಮನೆಯ ಬಾಗಿಲಲ್ಲಿ ನಿಲ್ಲಬೇಕಾದವರು ನಾವು. ಅವರು ಜೊತೆಗೆ ಬಂದಾರೆಂಬ ಆಸೆಯೊಂದೇ ನಮಗಿರುವ ಧೈರ್ಯ.