ಹೆಬ್ಬೆರಳಿನ ರೋಗನಿದಾನ

ಮಧುಮೇಹವಾಗಿರಬಹುದಿತ್ತು. ವಾತರಕ್ತವಾಗಿರಬಹುದಿತ್ತು. ಮೂತ್ರಪಿಂಡ ಕೆಟ್ಟು ಕಾಲಿಗೆ ನೀರಿಳಿದಿರಬಹುದಿತ್ತು. ಇಲ್ಲವೆ ಹೃದಯ ಸೋತು, ರಕ್ತವು ಅಷ್ಟು ದೂರ ಹೋಗಲಾರೆನೆಂದು ಮೊಣಕಾಲಿನಿಂದಲೇ ಹಿಂದಿರುಗುತ್ತಿರಬಹುದಿತ್ತು. ಬಲಗಾಲಿನ ಹೆಬ್ಬೆರಳು ಹಗಲೆಲ್ಲ ಉರಿದು ಸಂಜೆಗೆ ಜೋಮು ಹಿಡಿಯತೊಡಗಿದ ಮೇಲೆ, ಇಚಲಕರಂಜಿಯ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ನಾನು ಈ ರೋಗಗಳನ್ನೆಲ್ಲ ಒಂದೊಂದಾಗಿ ಅನುಭವಿಸಿದೆ.

ನಗುವವರು ನಗಲಿ. ಪಾದವೆಂಬುದು ದೇಹದ ಗಡಿಯಾಚೆಯ ಹಳ್ಳಿ. ರಾಜಧಾನಿಯಲ್ಲಿ ಏನು ಏರುಪೇರಾದರೂ ಮೊದಲು ಕಾಳಿನ ಸರಬರಾಜು ನಿಲ್ಲುವುದು ಅಲ್ಲಿಗೆ. ನನ್ನ ತಂದೆಗೂ ಒಂದು ಬೆರಳಿನಿಂದಲೇ ಶುರುವಾಗಿತ್ತು. ಸಕ್ಕರೆ ರೋಗವೆಂದು ತಿಳಿಯುವಷ್ಟರಲ್ಲಿ ಪಾದವನ್ನೇ ತೆಗೆಯಬೇಕಾಯಿತು. ಅಂದಮೇಲೆ ನನ್ನ ಭಯ ಪಿತ್ರಾರ್ಜಿತ. ಪಾದ ಉಳಿದೀತೇ ಎಂಬುದೊಂದೇ ಚಿಂತೆ.

ಗಡಹಿಂಗ್ಲಜದ ಬೆಲ್ಲ ಬಿಟ್ಟೆ, ಹೋಳಿಗೆ ಬಿಟ್ಟೆ. ಮೂತ್ರಕ್ಕೆ ಇರುವೆ ಮುತ್ತಿದರೆ ಮಧುಮೇಹವೆನ್ನುತ್ತಾರಲ್ಲ, ಹಿತ್ತಲಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಇರುವೆಗಳಿಗಾಗಿ ಕಾದೆ. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ನೋಡಿ, “ಬೆಲ್ಲದ ಗಡಿಗಿ ಬಿಟ್ಟು ನಿಮ್ಮ ಬೆನ್ನ ಹತ್ತಾಕ ಇರಿವಿಗೇನ ಹುಚ್ಚ ಹಿಡದೈತೇನ್ರಿ?” ಎಂದಳು. ಈ ಜಾತಿಯ ವಿನೋದ ರೋಗಿಗಳಿಗೆ ಹಿತವಲ್ಲ.

ಯುದ್ಧದ ಕಾಲ, ಪೆಟ್ರೋಲು ಸಿಗದೆ ಇದ್ದಿಲ ಹೊಗೆಯ ಮೇಲೆ ಓಡುವ ಬಸ್ಸು ಹತ್ತಿ ಕೊಲ್ಹಾಪುರಕ್ಕೆ ಹೋದೆ. ಡಾಕ್ಟರರು ಮೂತ್ರಕ್ಕೆ ನೀಲಿ ಔಷಧಿ ಬೆರೆಸಿ ದೀಪದ ಮೇಲೆ ಕಾಯಿಸಿದರು. ಕೆಂಪಾದರೆ ಸಕ್ಕರೆ. ಅಪ್ಪನದು ಇಟ್ಟಿಗೆಯಂತೆ ಕೆಂಪಾಗಿದ್ದನ್ನು ನಾನು ಕಂಡಿದ್ದೆ.  ನೀಲಿ ನೀಲಿಯಾಗಿಯೇ ಉಳಿಯಿತು. ಪಾದ ಉಳಿದ ಸಂತೋಷದ ಹಿಂದೆಯೇ, ಹಾಗಾದರೆ ಇದು ಇನ್ನೂ ದೊಡ್ಡದೇನೋ ಎಂಬ ಅನುಮಾನ ಬಂತು.

ದವಾಖಾನೆಯ ಬೆಂಚಿನ ಮೇಲೆ, ಈಚೆಗೆ ದಾನೋಳಿಯ ಲಗ್ನದಲ್ಲಿ ನನ್ನ ಪಂಕ್ತಿಯಲ್ಲೇ ಉಂಡಿದ್ದ ದೂರದ ಬೀಗರಾದ ಅಕಿವಾಟದ ನೇಮಣ್ಣ ಕುಳಿತಿದ್ದರು. ಅವರದು ನನಗಿಂತ ಘನವಾದ ಕಾಯಿಲೆ.

“ಬೀಗರ, ನನ್ನ ಕಾಲ ಸಣ್ಣ ಆಗಾಕತ್ತಾವ್ರಿ. ನಾ ಮುಂದ ಹೋಗ್ತೇನಿ, ಚಪ್ಪಲಿ ಹಿಂದ ಉಳಿತಾವು. ಮೈಯೆಲ್ಲ ಕರಗಾಕತ್ತೈತಿ, ಕಾಲಿಗಿ ಮೊದಲ ತಿಳದೈತಿ.”

ಕ್ಷಯವೇ ಇರಬೇಕೆಂದು ಮರುಗಿದೆ. ಅವರನ್ನೂ ಪರೀಕ್ಷಿಸಿದ ಡಾಕ್ಟರರು ಏನೂ ಇಲ್ಲವೆಂದು ಕಳಿಸಿದರು. ಇಬ್ಬರೂ ಹೊರಬಂದು ಚಪ್ಪಲಿ ಮೆಟ್ಟಿದೆವು. ಎರಡೂ ಜೊತೆ ಹೊಸವು, ಒಂದೇ ನಮೂನೆಯವು. ನಾನು ಮೆಟ್ಟಿದ್ದು ಹತ್ತಿರವಿದ್ದದ್ದನ್ನು. ಬೆರಳಿನ ಉರಿ ಅಲ್ಲಿಯೇ ನಿಂತಿತು. ನೇಮಣ್ಣ ಉಳಿದ ಜೊತೆ ಮೆಟ್ಟಿ ನಾಲ್ಕು ಹೆಜ್ಜೆ ಇಟ್ಟು, ತಿರುಗಿ ನನ್ನ ಕಾಲು ನೋಡಿದರು.

“ದಾನೋಳಿ ಲಗ್ನದಾಗ ಊಟಕ್ಕ ಕುಂತಾಗ ಅದಲಾಬದಲಿ ಆಗ್ಯಾವ್ರಿ,” ಎಂದರು ಮೆಲ್ಲಗೆ.

ಹೊಸ ಚಪ್ಪಲಿ ಕಚ್ಚುವುದು ಸಹಜವೆಂದು ನಾನು, ಸಡಿಲಾಗುವುದು ಸಹಜವೆಂದು ಅವರು, ಅವುಗಳನ್ನು ಅನುಮಾನಿಸಿರಲೇ ಇಲ್ಲ. ಡಾಕ್ಟರರು ನಾಡಿ, ನಾಲಗೆ, ಕಣ್ಣು, ಎದೆ ಎಲ್ಲವನ್ನೂ ನೋಡಿದ್ದರು. ರೋಗವನ್ನು ಮಾತ್ರ ನಾವಿಬ್ಬರೂ ಮರ್ಯಾದಸ್ಥರಂತೆ ಹೊಸ್ತಿಲಾಚೆ ಬಿಟ್ಟು ಒಳಗೆ ಹೋಗಿದ್ದೆವು.